ದಿನಚರಿಯ ಸಹಿ ಮತ್ತು ಮಗುವಿನ ಮಾತು

ದಸರಾ ರಜೆ ಮುಗಿದು ಶಾಲೆಗಳು ಮತ್ತೆ ತೆರೆದಿವೆ. ಮೊದಲ ಅವಧಿಯ ಸಂಕಲನಾತ್ಮಕ ಮೌಲ್ಯಮಾಪನದ ಉತ್ತರಪತ್ರಿಕೆಗಳು ಮಕ್ಕಳ ಕೈಸೇರಿವೆ, ಎರಡನೆಯ ಅವಧಿಯ ಪಾಠಗಳು ಆರಂಭವಾಗಿವೆ. ಶುಕ್ರವಾರ ಸಂಜೆಯಾಯಿತೆಂದರೆ ತರಗತಿಯ ಅಧ್ಯಾಪಕಿಯಿಂದ ಹೆತ್ತವರ ಮೊಬೈಲಿಗೆ ವಾರದ ವರದಿ ಬಂದು ಬೀಳುತ್ತದೆ. ಗಣಿತದಲ್ಲಿ ಭಿನ್ನರಾಶಿಗಳ ಸಂಕಲನ ಮುಗಿಯಿತು, ಪರಿಸರ ಅಧ್ಯಯನದಲ್ಲಿ ನೀರಿನ ಪಾಠ ನಡೆಯಿತು, ಕನ್ನಡದಲ್ಲಿ ಪದ್ಯ ಬಾಯಿಪಾಠ ಮಾಡಿ ಬರಬೇಕು, ಸೋಮವಾರ ಕಿರುಪರೀಕ್ಷೆ, ನವೆಂಬರ್ 14ರ ಮಕ್ಕಳ ದಿನಾಚರಣೆಗೆ ವೇಷಭೂಷಣ, ಮುಂದಿನ ವಾರ ವಿಜ್ಞಾನ ಮಾದರಿ, ಪ್ರವಾಸದ ಹಣ ಇಂಥ ದಿನದೊಳಗೆ. ಆ ವರದಿಯ ಕೆಳಗೆ ಒಂದರ ಹಿಂದೊಂದರಂತೆ ಕೈಮುಗಿದ ಚಿತ್ರಗಳು ಸಾಲುಗಟ್ಟುತ್ತವೆ. ಅಲ್ಲಿಗೆ ಶಾಲೆಯ ಕರ್ತವ್ಯವೂ ಮುಗಿಯಿತು, ಮನೆಯ ಕರ್ತವ್ಯವೂ ಮುಗಿಯಿತು.

ಈ ವ್ಯವಸ್ಥೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ನಾವು ಓದುತ್ತಿದ್ದ ಕಾಲದಲ್ಲಿ ತಂದೆಯಾದವನಿಗೆ ಮಗ ಎಷ್ಟನೆಯ ತರಗತಿಯಲ್ಲಿದ್ದಾನೆ ಎಂಬುದೇ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯ ಹೊತ್ತಿಗಷ್ಟೇ ಮನೆಯವರಿಗೆ ಶಾಲೆಯ ನೆನಪಾಗುತ್ತಿತ್ತು. ಆ ಅಲಕ್ಷ್ಯಕ್ಕೆ ಹೋಲಿಸಿದರೆ ಇಂದಿನ ತಾಯಂದಿರ ಮುತುವರ್ಜಿ ಮೆಚ್ಚತಕ್ಕದ್ದೇ. ನಲವತ್ತು ಮಕ್ಕಳ ತರಗತಿಯನ್ನು ದಿನವಿಡೀ ಸಂಭಾಳಿಸಿ, ಮನೆಗೆ ಹೋದ ಮೇಲೂ ಕುಳಿತು ಈ ವರದಿಯನ್ನು ಬರೆದು ಕಳುಹಿಸುವ ಅಧ್ಯಾಪಕಿಯರ ಶ್ರಮವೂ ಅಲ್ಪವಾದುದಲ್ಲ. ಆದರೂ ನಮ್ಮನ್ನು ಬಹಳ ದಿನಗಳಿಂದ ಒಂದು ಪ್ರಶ್ನೆ ಕಾಡುತ್ತಿದೆ. ಶಾಲೆಯಿಂದ ಮನೆಗೆ ಹೋಗುವ ಈ ಸುದ್ದಿ ಮಗುವಿನ ತಲೆಯ ಮೇಲಿಂದಲೇ ಹಾರಿಹೋಗುತ್ತಿದೆಯಲ್ಲ? ಹಿಂದೆ ಶಾಲೆಯಲ್ಲಿ ಏನಾಯಿತೆಂದು ತಿಳಿಯಬೇಕಿದ್ದರೆ ಮಗುವನ್ನೇ ಕೇಳಬೇಕಿತ್ತು, ಮಗುವೇ ಹೇಳಬೇಕಿತ್ತು. ಈಗ ಅದು ಬಾಯಿ ತೆರೆಯುವ ಮೊದಲೇ ತಾಯಿಗೆ ಎಲ್ಲವೂ ಗೊತ್ತಾಗಿರುತ್ತದೆ. ಗೊತ್ತಾಗಿರುವುದಾದರೂ ಏನು? ಅಧ್ಯಾಪಕಿ ಏನನ್ನು ಕಲಿಸಿದರೆಂಬುದು. ಮಗು ಏನನ್ನು ಕಲಿಯಿತೆಂಬುದು ಬೇರೆಯೇ ಸಂಗತಿ.

ಈ ಎರಡರ ನಡುವಣ ಅಂತರವನ್ನು ನಮಗೆ ತೋರಿಸಿಕೊಟ್ಟವನು ಒಬ್ಬ ಹುಡುಗ. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ ಅಲ್ಲಿನ ಹಿರಿಯ ಪ್ರಾಥಮಿಕ ಶಾಲೆಯ ಸಂಚಾಲಕರ ಹೊಣೆಯೂ ನಮ್ಮ ಮೇಲಿತ್ತು. ಮಕ್ಕಳ ದಿನಾಚರಣೆಯ ಹಿಂದಿನ ದಿನ, ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಪತ್ರಿಕೆಯ ಮುಖ್ಯಾಂಶಗಳನ್ನು ಓದಬೇಕಾಗಿದ್ದ ಹುಡುಗಿ ಗೈರುಹಾಜರಾಗಿದ್ದಳು. ಮುಂದಿನ ಸಾಲಿನಲ್ಲಿ ನಿಂತಿದ್ದ ಆರನೆಯ ತರಗತಿಯ ಹುಡುಗನ ಕೈಗೆ ನಾವೇ ಪತ್ರಿಕೆಯನ್ನು ಕೊಟ್ಟೆವು. ಅಚ್ಚುಕಟ್ಟಾದ ಹುಡುಗ. ಅವನ ಕೈಬರಹವನ್ನು ಅಧ್ಯಾಪಕಿಯರು ಇತರರಿಗೆ ತೋರಿಸುತ್ತಿದ್ದರು. ಹುಡುಗ ಪತ್ರಿಕೆಯನ್ನು ಹಿಡಿದು ನಿಂತ. ನಿಂತೇ ಇದ್ದ. ಸಭೆಯಲ್ಲಿ ಪಿಸುಮಾತು ಆರಂಭವಾಯಿತು. ನಾವು ಸಂಕೋಚವಿರಬೇಕೆಂದು ಭಾವಿಸಿ, "ಓದಪ್ಪಾ, ಹೆದರಬೇಡ" ಎಂದೆವು. ಅವನು ಪತ್ರಿಕೆಯನ್ನು ಮಡಿಚಿ ನಮ್ಮ ಕೈಗೇ ಹಿಂದಿರುಗಿಸಿ, "ಹೊಟ್ಟೆನೋವು ಫಾದರ್" ಎಂದು ಹೇಳಿ ಸಾಲಿಗೆ ಮರಳಿದ.

ಮಧ್ಯಾಹ್ನ ಅವನನ್ನು ಕಚೇರಿಗೆ ಕರೆಸಿ, ಬಾಗಿಲು ಮುಂದೆ ಮಾಡಿ, ಮೂರನೆಯ ತರಗತಿಯ ಕನ್ನಡ ಪುಸ್ತಕವನ್ನು ಮುಂದಿಟ್ಟೆವು. ಸರಳ ಅಕ್ಷರಗಳನ್ನು ಗುರುತಿಸುತ್ತಿದ್ದ. ಎರಡಕ್ಷರದ ಪದವನ್ನು ಕೂಡಿಸಿಕೊಳ್ಳುತ್ತಿದ್ದ. ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದ. ಒಂದು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅದರ ಮೊದಲು ಮರೆತುಹೋಗಿರುತ್ತಿತ್ತು. ಆರು ವರ್ಷ ಶಾಲೆಗೆ ಬಂದ ಹುಡುಗ ಓದಲಾರದವನಾಗಿದ್ದ. ಹಾಗಾದರೆ ಆ ಸುಂದರವಾದ ನೋಟ್ ಪುಸ್ತಕಗಳು? ಕರಿಹಲಗೆಯಿಂದ ಚಿತ್ರ ಬಿಡಿಸಿದಂತೆ ಇಳಿಸಿಕೊಂಡವು. ಪ್ರಶ್ನೋತ್ತರಗಳು? ಪಕ್ಕದವನು ಗಟ್ಟಿಯಾಗಿ ಹೇಳಿಕೊಳ್ಳುವುದನ್ನು ಕೇಳಿ ಬಾಯಿಪಾಠ ಮಾಡಿದವು. ಅವನ ನೆನಪಿನ ಶಕ್ತಿ ಅಸಾಧಾರಣವಾದುದು. ಅದೇ ಅವನಿಗೆ ಶತ್ರುವಾಗಿತ್ತು.

ಸಂಜೆ ಅವನ ತಾಯಿಯನ್ನು ಬರಹೇಳಿದೆವು. ಕಾಫಿ ತೋಟದ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು, ಮಗನ ದಿನಚರಿ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಏನೋ ತಕರಾರಿರಬೇಕು, ಸಾಕ್ಷ್ಯ ಬೇಕಾದೀತು ಎಂದು ಅವರ ಎಣಿಕೆ. ಪುಸ್ತಕವನ್ನು ನಮ್ಮೆದುರು ಬಿಡಿಸಿಟ್ಟು, "ಒಂದು ದಿನವೂ ಸಹಿ ತಪ್ಪಿಸಿಲ್ಲ ಫಾದರ್, ನೋಡಿ" ಎಂದರು. ನಿಜವಾಗಿಯೂ ತಪ್ಪಿರಲಿಲ್ಲ. ಜೂನ್ ತಿಂಗಳಿನಿಂದ ಪ್ರತಿದಿನವೂ ಅವರ ಸಹಿ. ಅದರ ಪಕ್ಕದಲ್ಲಿ ಪ್ರತಿದಿನವೂ ಅಧ್ಯಾಪಕಿಯ ಸಹಿ. ವಾರಕ್ಕೊಮ್ಮೆ ಶಾಲೆಯ ಮೊಹರು. ಮುಖ್ಯೋಪಾಧ್ಯಾಯಿನಿಯವರು ಎರಡು ಕಡೆ ಶಹಬ್ಬಾಸ್ ಎಂದೂ ಬರೆದಿದ್ದರು. ಒಂದು ಮಗುವಿನ ಅಜ್ಞಾನಕ್ಕೆ ಅಷ್ಟೊಂದು ಸಹಿಗಳನ್ನು ಒಂದೇ ಕಡೆ ನಾವು ಅದಕ್ಕೆ ಮೊದಲು ಕಂಡಿರಲಿಲ್ಲ. ಸಂಚಾಲಕರೆಂದು ಆ ಶಾಲೆಯ ವಾರ್ಷಿಕ ವರದಿಗೆ ಸಹಿ ಹಾಕಿದವರು ನಾವೇ ಎಂಬುದನ್ನೂ ಇಲ್ಲಿ ಮುಚ್ಚಿಡಲಾಗದು.

ಆ ತಾಯಿಯ ತಪ್ಪೇನು? ಕೇಳಿದ್ದನ್ನೆಲ್ಲ ಮಾಡಿದ್ದರು. ಅಧ್ಯಾಪಕಿಯೂ ಕೆಟ್ಟವರಲ್ಲ. ಪಾಠ ಮುಗಿಸಿದ್ದರು, ಪುಸ್ತಕ ತಿದ್ದಿದ್ದರು. ಇಡೀ ವ್ಯವಸ್ಥೆಯಲ್ಲಿ ಎಲ್ಲರೂ ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದರು. ಹುಡುಗನ ಬಾಯಿಂದ ನಾಲ್ಕು ಮಾತು ಕೇಳುವ ಅಗತ್ಯ ಮಾತ್ರ ಯಾರಿಗೂ ಬಿದ್ದಿರಲಿಲ್ಲ.

ಇದೊಂದು ಅಪರೂಪದ ಪ್ರಕರಣವೆಂದು ವಾಚಕರು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಗ್ರಾಮೀಣ ಭಾರತದಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಓದಿಸಿ ನೋಡುವ ಅಸರ್ ಸಮೀಕ್ಷೆಯ ಪ್ರಕಾರ, ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲವರು 2018ರಲ್ಲಿ ಸುಮಾರು ಅರ್ಧದಷ್ಟಿದ್ದರು. ಕೊರೊನಾ ಕಾಲದ ಶಾಲಾ ಮುಚ್ಚುಗಡೆಯ ತರುವಾಯ, 2022ರಲ್ಲಿ, ಆ ಪ್ರಮಾಣ ಶೇಕಡ 43ರ ಆಸುಪಾಸಿಗೆ ಕುಸಿಯಿತು. 2024ರ ಸಮೀಕ್ಷೆಯಲ್ಲಿ ಚೇತರಿಕೆ ಕಂಡಿದೆಯಾದರೂ ಅರ್ಧದ ಗಡಿ ದಾಟಿಲ್ಲ. ಈ ಮಕ್ಕಳೆಲ್ಲರೂ ಶಾಲೆಗೆ ದಾಖಲಾದವರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿದೆ.

ನಾಲ್ಕರಿಂದ ಏಳನೆಯ ತರಗತಿಯವರೆಗಿನ ಈ ಘಟ್ಟವನ್ನು ನಾವು ವಿಶೇಷವಾಗಿ ಎತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಮೂರನೆಯ ತರಗತಿಯವರೆಗೆ ನಲಿ-ಕಲಿ ಪದ್ಧತಿಯಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊಳೆತ ಪದ್ಧತಿಯದು. ಅಲ್ಲಿ ಮಗು ತನ್ನದೇ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಾಲ್ಕನೆಯ ತರಗತಿಗೆ ಬಂದೊಡನೆ ಇಡೀ ತರಗತಿಗೆ ಒಂದೇ ಪಾಠ, ಒಂದೇ ವೇಗ. ಖಾಸಗಿ ಶಾಲೆಗಳಲ್ಲಿಯೂ ಹೆಚ್ಚುಕಡಿಮೆ ಇದೇ ಹೊತ್ತಿಗೆ ಪುಸ್ತಕಗಳು ದಪ್ಪವಾಗುತ್ತವೆ, ಚಿತ್ರಗಳು ಚಿಕ್ಕವಾಗುತ್ತವೆ. ಐದರವರೆಗೆ ಪರಿಸರ ಅಧ್ಯಯನವೆಂದು ಒಂದಾಗಿದ್ದುದು ಆರರಲ್ಲಿ ವಿಜ್ಞಾನ, ಸಮಾಜ ವಿಜ್ಞಾನವೆಂದು ಒಡೆಯುತ್ತದೆ. ಮೂರನೆಯ ಭಾಷೆಯೊಂದು ಬಂದು ಕೂರುತ್ತದೆ. ಅಲ್ಲಿಯವರೆಗೆ ಓದಲು ಕಲಿಯುತ್ತಿದ್ದ ಮಗು ಅಲ್ಲಿಂದಾಚೆ ಓದಿ ಕಲಿಯಬೇಕು. ಓದುವುದೇ ಬಾರದಿದ್ದರೆ ಎಲ್ಲ ವಿಷಯಗಳ ಬಾಗಿಲೂ ಒಟ್ಟಿಗೆ ಮುಚ್ಚಿಕೊಳ್ಳುತ್ತವೆ.

ಇನ್ನೊಂದು ಸೂಕ್ಷ್ಮವೂ ಇದೆ. ಆರು ವರ್ಷದ ಕೂಸು ತನಗೆ ಬಾರದೆಂದು ಅತ್ತು ಹೇಳುತ್ತದೆ. ಹತ್ತು ವರ್ಷದ ಮಗುವಿಗೆ ಮಾನಾಪಮಾನದ ಅರಿವು ಬಂದಿರುತ್ತದೆ, ಅದು ಅಡಗಿಸಿಡುವುದನ್ನು ಕಲಿಯುತ್ತದೆ. ಹೊಟ್ಟೆನೋವು, ಕಳೆದುಹೋದ ಪುಸ್ತಕ, ಮುರಿದ ಪೆನ್ಸಿಲು, ತರಗತಿಯಲ್ಲಿ ಕೋತಿಚೇಷ್ಟೆ ಎಲ್ಲವೂ ಅಡಗುವ ಜಾಗಗಳೇ. ಹುಡುಗಿಯರಾದರೆ ಇನ್ನೂ ಸುಲಭ. ಮೌನವಾಗಿ ಕುಳಿತರೆ ಸಾಕು, ಒಳ್ಳೆಯ ಹುಡುಗಿ ಎಂದು ಹೊಗಳುತ್ತೇವೆ.

ಗುರುಮಠದಲ್ಲಿ ತತ್ವಶಾಸ್ತ್ರದ ವಿದ್ಯಾರ್ಥಿಗಳಾಗಿದ್ದಾಗ ಸಂತ ಅಗಸ್ಟೀನರ ಒಂದು ಕಿರುಗ್ರಂಥವನ್ನು ನಮಗೆ ಕಡ್ಡಾಯವಾಗಿ ಓದಿಸಿದ್ದರು. ಶಿಕ್ಷಕನನ್ನು ಕುರಿತದ್ದು. ಅಗಸ್ಟೀನರು ತಮ್ಮ ಹದಿಹರೆಯದ ಮಗ ಅದೆಯೊದಾತನೊಡನೆ ನಡೆಸಿದ ಸಂವಾದದ ರೂಪದಲ್ಲಿದೆ. ಮಾತು ತನ್ನಷ್ಟಕ್ಕೆ ಏನನ್ನೂ ಕಲಿಸಲಾರದು, ಕೇಳಿದವನು ತನ್ನೊಳಗೆ ಅದನ್ನು ಪರೀಕ್ಷಿಸಿ ಸತ್ಯವೆಂದು ಕಂಡುಕೊಂಡಾಗಷ್ಟೇ ಕಲಿಕೆ ನಡೆಯುತ್ತದೆ ಎಂಬುದು ಅದರ ತಿರುಳು. ಅಂದು ಪರೀಕ್ಷೆಗಾಗಿ ಓದಿದೆವು, ಅಂಕವೂ ಬಂತು. ಅದರ ಅರ್ಥವಾದದ್ದು ಆ ಹುಡುಗ ಪತ್ರಿಕೆಯನ್ನು ಮಡಿಚಿ ನಮ್ಮ ಕೈಗಿತ್ತ ದಿನ. ಅಗಸ್ಟೀನರಿಗೂ ಬಾಲ್ಯದ ಶಾಲೆ ಸಿಹಿಯಾಗಿರಲಿಲ್ಲವೆಂಬುದನ್ನು ಅವರ ಆತ್ಮನಿವೇದನೆಯನ್ನು ಓದಿದವರು ಬಲ್ಲರು. ಹೊಡೆತ ತಿಂದದ್ದು, ಗ್ರೀಕ್ ಭಾಷೆಯನ್ನು ದ್ವೇಷಿಸಿದ್ದು, ಮಗ್ಗಿಯಂತೆ ಲೆಕ್ಕವನ್ನು ರಾಗವಾಗಿ ಒಪ್ಪಿಸುವುದು ಅಸಹ್ಯವೆನಿಸಿದ್ದು, ಎಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಅವರಿಗಿಂತ ಎಷ್ಟೋ ಹಿಂದೆ, ಪ್ಲೇಟೋ ಬರೆದ 'ಮೆನೋ' ಎಂಬ ಸಂವಾದದಲ್ಲಿ ಸಾಕ್ರಟೀಸನು ಅಕ್ಷರಾಭ್ಯಾಸವಿಲ್ಲದ ಒಬ್ಬ ದಾಸ ಬಾಲಕನನ್ನು ಕರೆದು ನೆಲದ ಮೇಲೆ ಚೌಕವೊಂದನ್ನು ಗೀಚುತ್ತಾನೆ. ಬಾಹು ಎರಡು ಅಡಿ, ವಿಸ್ತೀರ್ಣ ನಾಲ್ಕು ಚದರಡಿ. ಇದರ ಎರಡರಷ್ಟು ವಿಸ್ತೀರ್ಣದ ಚೌಕ ಬೇಕು, ಬಾಹು ಎಷ್ಟಿರಬೇಕು? ಬಾಹುವನ್ನು ಎರಡರಷ್ಟು ಮಾಡಿದರಾಯಿತು ಎನ್ನುತ್ತಾನೆ ಹುಡುಗ. ಮಾಡಿ ನೋಡಿದರೆ ಹದಿನಾರು ಚದರಡಿಯಾಗಿ ಕೂರುತ್ತದೆ. ಹಾಗಾದರೆ ಮೂರು ಅಡಿ ಎನ್ನುತ್ತಾನೆ, ಅದೂ ಒಂಬತ್ತಾಗುತ್ತದೆ. ಆಗ ಹುಡುಗ ತನಗೆ ಗೊತ್ತಿಲ್ಲವೆಂದು ಒಪ್ಪುತ್ತಾನೆ. ಸಾಕ್ರಟೀಸನಿಗೆ ಅತ್ಯಂತ ಸಂತೋಷವಾಗುವುದು ಅಲ್ಲಿಯೇ. ಗೊತ್ತಿಲ್ಲವೆಂದು ಗೊತ್ತಾದವನು ಹುಡುಕಲು ಹೊರಡುತ್ತಾನಲ್ಲ! ಕೊನೆಗೆ ಕರ್ಣರೇಖೆಯ ಮೇಲೆ ಚೌಕ ಕಟ್ಟಿದರೆ ಉತ್ತರ ಸಿಗುತ್ತದೆಂದು ಬಾಲಕನೇ ಕಾಣುತ್ತಾನೆ. ಇದೇ ವಿಸ್ತೀರ್ಣದ ಪಾಠ ನಮ್ಮ ಐದು, ಆರನೆಯ ತರಗತಿಗಳಲ್ಲಿದೆ. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಎರಡು ಸಲ ತಪ್ಪು ಹೇಳುವ ಅವಕಾಶ ಸಿಗುತ್ತದೆ? ಮೊದಲ ತಪ್ಪಿಗೇ ಕೆಂಪು ಗೀಟು, ಎರಡನೆಯದಕ್ಕೆ ಟ್ಯೂಷನ್ನು.

ತತ್ವಜ್ಞಾನಿಗಳು ಹಾಗಿರಲಿ, ಅಡುಗೆಮನೆಗೆ ಬರೋಣ. ಭಿನ್ನರಾಶಿಯ ಪಾಠ ಮುಗಿಯಿತೆಂದು ಈ ವಾರ ವರದಿ ಬಂದಿದೆಯಲ್ಲವೇ? ಮೂರನೆಯ ಒಂದು ಭಾಗ ದೊಡ್ಡದೋ ನಾಲ್ಕನೆಯ ಒಂದು ಭಾಗ ದೊಡ್ಡದೋ ಎಂದು ಮಗುವನ್ನು ಕೇಳಿರಿ. ನಾಲ್ಕು ಮೂರಕ್ಕಿಂತ ದೊಡ್ಡದಾದ್ದರಿಂದ ನಾಲ್ಕನೆಯ ಭಾಗವೇ ದೊಡ್ಡದೆಂದು ಬಹಳ ಮಕ್ಕಳು ಹೇಳುತ್ತಾರೆ. ತಪ್ಪೆಂದು ಗದರಬೇಡಿರಿ. ಒಂದು ಅಚ್ಚು ಬೆಲ್ಲ ತೆಗೆದು, ಮೂವರಿಗೆ ಹಂಚಿದರೆ ಎಷ್ಟು, ಇನ್ನೊಬ್ಬ ನೆಂಟ ಬಂದು ಕುಳಿತರೆ ಎಷ್ಟು ಎಂದು ಕೇಳಿರಿ. ಇನ್ನೊಂದಿದೆ. ಅರ್ಧಕ್ಕೆ ಮೂರನೆಯ ಒಂದು ಭಾಗವನ್ನು ಕೂಡಿಸಲು ಹೇಳಿದರೆ, ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿ, ಐದನೆಯ ಎರಡು ಭಾಗವೆಂದು ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲಿಯೂ ಇದ್ದಾರೆ. ಐದರಲ್ಲಿ ಎರಡು ಎಂದರೆ ಅರ್ಧಕ್ಕಿಂತ ಕಡಿಮೆ. ಅರ್ಧ ರೊಟ್ಟಿ ತಿಂದವನು ಮೇಲೆ ಇನ್ನಷ್ಟು ತಿಂದರೆ, ಒಟ್ಟಿಗೆ ತಿಂದದ್ದು ಅರ್ಧಕ್ಕಿಂತ ಕಡಿಮೆಯಾಗುವುದೆಂತು? ಈ ಪ್ರಶ್ನೆಯನ್ನು ಕೇಳಲು ಬಿ.ಎಡ್. ಪದವಿ ಬೇಡ.

ಹಾಗೆ ನೋಡಿದರೆ ನಮ್ಮ ಭಾಷೆಯೇ ಭಿನ್ನರಾಶಿಗಳ ಉಗ್ರಾಣ. ಕಾಲು, ಅರೆ, ಮುಕ್ಕಾಲು, ಅರೆಕಾಲು, ಒಂದೂಕಾಲು, ಒಂದೂವರೆ, ಎಲ್ಲವೂ ಅಜ್ಜಿಯ ನಾಲಿಗೆಯ ಮೇಲಿವೆ. ನಾಲ್ಕು ಪಾವು ಸೇರಿದರೆ ಒಂದು ಸೇರು, ಅರ್ಧ ಸೇರೆಂದರೆ ಅಚ್ಚೇರು. ಅಕ್ಕಿ ಅಳೆಯುವ ಹಳೆಯ ಪಾವು ಮನೆಯ ಅಟ್ಟದಲ್ಲಿದ್ದರೆ ಕೆಳಗಿಳಿಸಿರಿ. ಅಜ್ಜಿಗೆ ಭಿನ್ನರಾಶಿಯೆಂಬ ಹೆಸರು ಗೊತ್ತಿಲ್ಲ, ಮೊಮ್ಮಗನಿಗೆ ಹೆಸರಲ್ಲದೆ ಬೇರೇನೂ ಗೊತ್ತಿಲ್ಲ. ಇಬ್ಬರನ್ನೂ ಹತ್ತು ನಿಮಿಷ ಎದುರುಬದುರು ಕೂರಿಸಿದರೆ ಸಾಕು.

ಅದೇ ಮಲೆನಾಡಿನ ಶಾಲೆಯ ಇನ್ನೊಬ್ಬಳು ಹುಡುಗಿ ನೆನಪಾಗುತ್ತಾಳೆ. ಐದನೆಯ ತರಗತಿ. ದಶಮಾಂಶದ ಪಾಠದಲ್ಲಿ, ಮೂರು ಬಿಂದು ಐದಕ್ಕಿಂತ ಮೂರು ಬಿಂದು ನಾಲ್ಕು ಐದು ದೊಡ್ಡದೆಂದು ಅವಳ ಹಟ. ಐದಕ್ಕಿಂತ ನಲವತ್ತೈದು ದೊಡ್ಡದಲ್ಲವೇ ಎಂಬುದು ಅವಳ ತರ್ಕ. ತರ್ಕವಿತ್ತು, ಅದನ್ನು ಯಾರೂ ಕೇಳಿರಲಿಲ್ಲ. ಉತ್ತರಪತ್ರಿಕೆಯಲ್ಲಿ ಮಾತ್ರ ಸೊನ್ನೆ ಬಿದ್ದಿತ್ತು. ಕಾಫಿ ಕೊಯ್ಲಿನ ಕಾಲ. ಸಂಜೆ ತೋಟದ ಕಣದಲ್ಲಿ ಕೊಯ್ದ ಹಣ್ಣನ್ನು ತೂಗಿ, ಕಿಲೋ ಲೆಕ್ಕದಲ್ಲಿ ಕೂಲಿ ಬರೆಯುತ್ತಾರೆ. ಅಮ್ಮನ ಪಕ್ಕದಲ್ಲಿ ನಿಂತು ಚಿಕ್ಕ ಪುಸ್ತಕದಲ್ಲಿ ತೂಕ ಗುರುತಿಸಿಕೊಳ್ಳುತ್ತಿದ್ದವಳು ಇದೇ ಹುಡುಗಿ. ಮೂರೂವರೆ ಕಿಲೋವನ್ನು ಮೂರು ಕಿಲೋ ನಾನೂರೈವತ್ತು ಗ್ರಾಂ ಎಂದು ಬರೆದುಕೊಂಡರೆ ಅವಳು ಬಿಡುತ್ತಿದ್ದಳೆ? ನಾವು ಅದನ್ನೇ ಕೇಳಿದೆವು. ಹುಡುಗಿ ನಮ್ಮ ಮುಖವನ್ನು ನೋಡಿದಳು, ತನ್ನ ಪುಸ್ತಕವನ್ನು ನೋಡಿದಳು, ಮೆಲ್ಲನೆ, "ಅದೂ ಇದೂ ಒಂದೇನಾ ಫಾದರ್?" ಎಂದಳು. ಶಾಲೆಯ ದಶಮಾಂಶವೂ ತೋಟದ ತೂಕವೂ ಒಂದೇ ಎಂದು ಆಕೆಗೆ ಐದು ವರ್ಷಗಳಲ್ಲಿ ಯಾರೂ ಹೇಳಿರಲಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಬೆಸೆಯಬೇಕೆಂದು ವಿಧಿಸಿತ್ತು. ಆ ದಪ್ಪ ವರದಿಯ ಆಶಯ ಆ ಸಂಜೆ ತಕ್ಕಡಿಯ ಪಕ್ಕದಲ್ಲಿ ಈಡೇರಿತು.

ನಾವು ಓದಿದವರಲ್ಲ, ನಮಗೇನು ತಿಳಿದೀತು ಎಂದು ಹಿಂಜರಿಯುವ ತಂದೆತಾಯಿಗಳು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಅವರಿಗೆ ನಮ್ಮದೊಂದು ಮಾತು. ಈ ಕೆಲಸಕ್ಕೆ ನೀವೇ ಹೆಚ್ಚು ಯೋಗ್ಯರು. ಓದಿದ ತಂದೆಗೆ ಮಗು ಮೊದಲ ವಾಕ್ಯ ಹೇಳುವಷ್ಟರಲ್ಲಿ ತಿದ್ದುವ ಚಪಲ. ನಿಮಗೆ ನಿಜವಾಗಿಯೂ ಗೊತ್ತಿಲ್ಲದ್ದರಿಂದ ಮಗು ಬಿಡಿಸಿ ಹೇಳಲೇಬೇಕಾಗುತ್ತದೆ. ಹಾಗೆ ಬಿಡಿಸಿ ಹೇಳುವಾಗಲೇ ತನಗೆಲ್ಲಿ ತಿಳಿದಿಲ್ಲವೆಂಬುದು ಅದಕ್ಕೂ ಹೊಳೆಯುತ್ತದೆ, ನಿಮಗೂ ಕಾಣುತ್ತದೆ. ಯಾವ ಭಾಷೆಯಲ್ಲಿ ಹೇಳಬೇಕೆಂಬ ಚಿಂತೆ ಬೇಡ. ಮನೆಯಲ್ಲಿ ಕೊಂಕಣಿಯೋ ತಮಿಳೋ, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಎಂಬ ಸ್ಥಿತಿ ನಮ್ಮ ಎಷ್ಟೋ ಕುಟುಂಬಗಳದ್ದು. ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಒಪ್ಪಿಸಿದ ಪಾಠವನ್ನು ಅಮ್ಮನ ಭಾಷೆಯಲ್ಲಿ ಹೇಳಲು ಬಂದರೆ ಅರ್ಥವಾಗಿದೆ ಎಂದು ಲೆಕ್ಕ. ಬಾರದಿದ್ದರೆ ಬಾಯಿಪಾಠವಾಗಿದೆ ಎಂದು ಲೆಕ್ಕ. ಇದಕ್ಕಿಂತ ಅಗ್ಗದ ಮೌಲ್ಯಮಾಪನ ಇನ್ನೊಂದಿಲ್ಲ. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆ ಹೆತ್ತವರನ್ನೇ ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರೆಂದು ಕರೆದದ್ದು ಪದವೀಧರ ಹೆತ್ತವರನ್ನು ಮಾತ್ರವಲ್ಲ.

ಇನ್ನು ಮುಂಬರುವ ಚಟುವಟಿಕೆಗಳ ವಿಚಾರ. ನವೆಂಬರ್, ಡಿಸೆಂಬರ್ ತಿಂಗಳುಗಳೆಂದರೆ ಶಾಲೆಗಳಿಗೆ ಸುಗ್ಗಿ. ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ವಿಜ್ಞಾನ ಪ್ರದರ್ಶನ, ಪ್ರವಾಸ, ವಾರ್ಷಿಕೋತ್ಸವ, ಅದರ ಬೆನ್ನಿಗೇ ಕ್ರಿಸ್ಮಸ್ ಗೋದಲಿ. ಪಾಠದ ಹೊತ್ತನ್ನು ತಿನ್ನುತ್ತವೆಂದು ಕೆಲವರು ಗೊಣಗುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಕರಿಹಲಗೆಯ ಮುಂದೆ ಕಳೆಗುಂದಿದ ಎಷ್ಟೋ ಮಕ್ಕಳು ಕಂಠಪಾಠ, ಕಥೆ ಹೇಳುವಿಕೆ, ಕ್ಲೇ ಮಾದರಿಗಳ ಸ್ಪರ್ಧೆಯಲ್ಲಿ ಹೊಳೆಯುವುದನ್ನು ಕಂಡಿದ್ದೇವೆ. ನಮ್ಮ ತಕರಾರು ಇರುವುದು ಚಟುವಟಿಕೆಯನ್ನು ಯಾರು ಮಾಡುತ್ತಾರೆ ಎಂಬುದರಲ್ಲಿ.

ವಿಜ್ಞಾನ ಮಾದರಿಯ ಹಿಂದಿನ ರಾತ್ರಿ ಯಾವುದಾದರೊಂದು ಮನೆಗೆ ಹೋಗಿ ನೋಡಿರಿ. ಮಗು ನಿದ್ರೆಯಲ್ಲಿರುತ್ತದೆ. ತಾಯಿ ಥರ್ಮಾಕೋಲು ಕತ್ತರಿಸುತ್ತಿರುತ್ತಾಳೆ. ತಂದೆ ಫೆವಿಕಾಲ್ ಮೆತ್ತಿದ ಬೆರಳುಗಳಿಂದ ಜ್ವಾಲಾಮುಖಿಗೆ ಬಣ್ಣ ಬಳಿಯುತ್ತಿರುತ್ತಾನೆ. ಅನುಕೂಲವಿದ್ದವರಿಗೆ ಅಷ್ಟು ಕಷ್ಟವೂ ಇಲ್ಲ. ಪೇಟೆಯ ಸ್ಟೇಷನರಿ ಅಂಗಡಿಗಳಲ್ಲಿ ಸೌರವ್ಯೂಹ, ಮಳೆನೀರಿನ ಕೊಯ್ಲು, ಹೃದಯ, ಮೂತ್ರಪಿಂಡ ಎಲ್ಲವೂ ಸಿದ್ಧವಾಗಿ ದೊರೆಯುತ್ತವೆ. ಬೆಳಗ್ಗೆ ಮಗು ಅದನ್ನು ಹೊತ್ತುಕೊಂಡು ಬರುತ್ತದೆ, ಕಾಗದದಲ್ಲಿ ಬರೆದುಕೊಟ್ಟ ವಿವರಣೆಯನ್ನು ಒಪ್ಪಿಸುತ್ತದೆ. ಬಹುಮಾನ ಯಾರಿಗೆ? ಅತಿ ಅಂದವಾದ ಮಾದರಿಗೆ. ತೀರ್ಪುಗಾರರಾಗಿ ಕುಳಿತು ಇಂಥ ಬಹುಮಾನಗಳನ್ನು ನಾವೂ ಕೊಟ್ಟಿದ್ದೇವೆ. ಒಮ್ಮೆ ಮೂಲೆಯಲ್ಲಿ ಒಬ್ಬ ಹುಡುಗ ಪ್ಲಾಸ್ಟಿಕ್ ಬಾಟಲಿಯಲ್ಲಿ ಮರಳು, ಇದ್ದಿಲು, ಬೆಣಚುಕಲ್ಲು ತುಂಬಿ ಕೆಸರುನೀರನ್ನು ಸೋಸುತ್ತ ಕುಳಿತಿದ್ದ. ನೀರು ಸೋರಿ ಮೇಜೆಲ್ಲ ಒದ್ದೆಯಾಗಿತ್ತು. ಮರಳಿನ ಮೇಲೆ ಇದ್ದಿಲನ್ನಿಡುವುದೋ ಕೆಳಗಿಡುವುದೋ ಎಂದು ಎರಡು ರೀತಿಯಲ್ಲೂ ಮಾಡಿ ನೋಡಿದ್ದನಂತೆ. ಅವನ ಮೇಜಿನ ಮುಂದೆ ಒಂದು ನಿಮಿಷ ನಿಂತು ಮುಂದೆ ಹೋದ ನಮ್ಮನ್ನು ನಾವು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಆದುದರಿಂದ ಈ ತಿಂಗಳ ಪಟ್ಟಿಯಲ್ಲಿ ಯಾವುದಾದರೂ ಒಂದನ್ನು, ಹೆಚ್ಚು ಬೇಡ, ಒಂದನ್ನು ಮಾತ್ರ, ಪೂರ್ತಿಯಾಗಿ ಮಗುವಿಗೇ ಬಿಟ್ಟುಕೊಡಿರಿ. ವಕ್ರವಾಗಲಿ, ಸೋರಲಿ, ಬಹುಮಾನ ತಪ್ಪಲಿ. ಅಧ್ಯಾಪಕಿಯರಲ್ಲಿಯೂ ನಮ್ಮ ವಿನಂತಿಯಿದೆ. ಅಂಗಡಿಯಿಂದ ತಂದ ಮಾದರಿಗೆ ಬಹುಮಾನವಿಲ್ಲವೆಂದು ಮೊದಲೇ ಹೇಳಿಬಿಟ್ಟರೆ ಬಡ ಮನೆಯ ಮಕ್ಕಳಿಗೆ ಎಷ್ಟೋ ಉಪಕಾರವಾದೀತು. ಚೀಲದ ಹೊರೆಯ ಬಗ್ಗೆ 2019ರಲ್ಲಿ ರಾಜ್ಯ ಸರಕಾರ ಹೊರಡಿಸಿದ ಸುತ್ತೋಲೆಯಲ್ಲಿ ತಿಂಗಳ ಮೂರನೆಯ ಶನಿವಾರವನ್ನು ಚೀಲವಿಲ್ಲದ ದಿನವೆಂದು ಗೊತ್ತುಪಡಿಸಲಾಗಿತ್ತು. ಇಂಥ ಮಾದರಿಗಳನ್ನು ಆ ಶನಿವಾರ ಶಾಲೆಯಲ್ಲಿಯೇ, ಎಲ್ಲರ ಕಣ್ಣೆದುರಿಗೇ ಮಾಡಿಸಿದರೆ ರಾತ್ರಿಯ ಥರ್ಮಾಕೋಲು ಕೆಲಸವೂ ತಪ್ಪುತ್ತದೆ.

ಹೆತ್ತವರ ಸಭೆಯ ಕುರಿತೂ ಒಂದು ಮಾತು. ಪ್ರತಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಯನ್ನು ಹೆತ್ತವರಿಗೆ ನಿಯತವಾಗಿ ಸಭೆ ಕರೆದು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 24ನೆಯ ಕಲಮು ಹೇಳುತ್ತದೆ. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯಿದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. 2025ರಲ್ಲಿ ಅದೇ ನ್ಯಾಯಾಲಯದ ಮತ್ತೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿತು. ವಕೀಲರು ವಾದಿಸಲಿ. ಕಾನೂನಿನ ಕಟ್ಟಿಲ್ಲವೆಂಬ ಕಾರಣಕ್ಕೆ ಈ ಕರ್ತವ್ಯದಿಂದ ಬಿಡುಗಡೆ ಬಯಸುವ ಶಾಲೆಯೊಂದಿದ್ದರೆ ಅದು ನಮ್ಮ ಶಾಲೆಯಾಗದಿರಲಿ. ಐದು ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯ ಮಟ್ಟದ ಪರೀಕ್ಷೆ ಬೇಕೋ ಬೇಡವೋ ಎಂಬ ವಿವಾದವೂ 2023, 2024ರಲ್ಲಿ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆದಾಡಿತು. ಪರೀಕ್ಷೆ ಇದ್ದರೂ ಇಲ್ಲದಿದ್ದರೂ, ನಮ್ಮ ಆ ಹುಡುಗನನ್ನು ಅದು ಪತ್ತೆ ಹಚ್ಚುತ್ತಿರಲಿಲ್ಲವೆಂದು ನಮಗನಿಸುತ್ತದೆ. ಬಾಯಿಪಾಠದಲ್ಲಿ ಅವನು ನಿಸ್ಸೀಮನಾಗಿದ್ದ.

ಸಭೆಗಳಿಗೆ ಬರುವವರು ಬಹುತೇಕ ತಾಯಂದಿರು. ತಂದೆಯರು ಗೇಟಿನ ಹೊರಗೆ ಬೈಕಿನ ಮೇಲೆ ಕುಳಿತಿರುತ್ತಾರೆ. ಅವರೂ ಒಳಗೆ ಬರಬೇಕು. ಬಂದವರು ಎಷ್ಟು ಅಂಕವೆಂದು ಕೇಳುವ ಮೊದಲು, ಇವನಿಗೆ ಯಾವುದು ಕಠಿಣವಾಗುತ್ತಿದೆ ಎಂದು ಕೇಳಬೇಕು. ಮಗುವನ್ನೂ ಜೊತೆಗೆ ಕೂರಿಸಿಕೊಳ್ಳಬೇಕು, ಅದರ ಬೆನ್ನ ಹಿಂದೆ ಅದರ ವಿಚಾರಣೆ ನಡೆಯಕೂಡದು.

ಆ ಹುಡುಗನ ಕತೆಯನ್ನು ಅರ್ಧಕ್ಕೆ ಬಿಟ್ಟೆವು. ಶಾಲೆಯ ಒಬ್ಬ ಸಿಸ್ಟರ್ ದಿನವೂ ಊಟದ ಬಿಡುವಿನಲ್ಲಿ ಅವನನ್ನು ಗೋದಾಮಿನ ಪಕ್ಕದ ಕೋಣೆಯಲ್ಲಿ, ಇತರ ಮಕ್ಕಳ ಕಣ್ಣಿಗೆ ಬೀಳದಂತೆ, ಓದಿಸತೊಡಗಿದರು. ಮನೆಯಲ್ಲಿ ತಾಯಿ ಅಡುಗೆ ಮಾಡುವಾಗ ಅವನು ಒಂದು ಪುಟ ಗಟ್ಟಿಯಾಗಿ ಓದಬೇಕೆಂಬ ಒಪ್ಪಂದವಾಯಿತು. ಆ ತಾಯಿಗೆ ಸಹಿಯ ಹೊರತು ಹೆಚ್ಚು ಅಕ್ಷರ ಬರುತ್ತಿರಲಿಲ್ಲವೆಂದು ನಮಗೆ ಆಗಲೇ ತಿಳಿದದ್ದು. ಅವನು ತಡವರಿಸಿದರೆ, "ಮತ್ತೆ ಹೇಳು, ನನಗೆ ತಿಳಿಯಲಿಲ್ಲ" ಎನ್ನುತ್ತಿದ್ದರಂತೆ. ಏಳನೆಯ ತರಗತಿಯ ಅಂತ್ಯಕ್ಕೆ ಹುಡುಗ ಓದುತ್ತಿದ್ದ. ಸರಾಗವಾಗಿಯಲ್ಲ, ಬೆರಳಿಟ್ಟು ಓದುತ್ತಿದ್ದ. ಹೈಸ್ಕೂಲಿಗೆ ಸೇರಿದ. ಮುಂದೆ ನಮಗೆ ವರ್ಗವಾಯಿತು.

ಈಗ ನಾವಿರುವ ಧರ್ಮಕೇಂದ್ರದ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಮತ್ತು ಅಧ್ಯಾಪಕಿಯರೊಡನೆ ಸಮಾಲೋಚಿಸಿ ಒಂದು ಸಣ್ಣ ಬದಲಾವಣೆಗೆ ತೀರ್ಮಾನಿಸಿದ್ದೇವೆ. ಬರುವ ಶುಕ್ರವಾರದಿಂದ ನಾಲ್ಕರಿಂದ ಏಳನೆಯ ತರಗತಿಯವರೆಗೆ ವಾರದ ವರದಿ ಮೊಬೈಲಿಗೆ ಬರುವುದಿಲ್ಲ. ಹಣ, ಪ್ರವಾಸ, ರಜೆಯ ಸೂಚನೆಗಳಷ್ಟೇ ಬರುತ್ತವೆ. ಆ ವಾರ ಏನನ್ನು ಕಲಿತೆ, ಏನು ತಿಳಿಯಲಿಲ್ಲ, ಮುಂದಿನ ವಾರ ಏನಿದೆ ಎಂಬುದನ್ನು ಪ್ರತಿ ಮಗುವೂ ತರಗತಿಯಲ್ಲಿ ಕುಳಿತು ಅರ್ಧ ಪುಟ ಬರೆದು ಮನೆಗೆ ತರುತ್ತದೆ. ಬರೆಯಲು ಕಷ್ಟವಾಗುವ ಮಗು ಚಿತ್ರ ಬಿಡಿಸಬಹುದು. ಕಾಗುಣಿತದ ತಪ್ಪುಗಳನ್ನು ಅಧ್ಯಾಪಕಿಯರು ತಿದ್ದಿ ಕಳುಹಿಸುವುದಿಲ್ಲ. ಹೆತ್ತವರು ದಯಮಾಡಿ ಅದರ ಫೋಟೋ ತೆಗೆದು ಗುಂಪಿನಲ್ಲಿ ಹಂಚಬಾರದು, ಪಕ್ಕದ ಮನೆಯ ಮಗುವಿನದರೊಡನೆ ಹೋಲಿಸಬಾರದು. ಅದಕ್ಕೆ ಸಹಿಯ ಅಗತ್ಯವಿಲ್ಲ. ಮಗುವನ್ನು ಹತ್ತಿರ ಕೂರಿಸಿಕೊಂಡು, ಅದರ ಬಾಯಿಂದಲೇ ಗಟ್ಟಿಯಾಗಿ ಓದಿಸಬೇಕೆಂದು ಕೋರುತ್ತೇವೆ.